ಸಣ್ಣ ಡ್ರಿಲ್ ಅಮೆರಿಕಕ್ಕೆ: ಹಡಗಾ, ವಿಮಾನವಾ?

ಚೀನಾದಿಂದ ಅಮೆರಿಕಕ್ಕೆ ಕೈ ಡ್ರಿಲ್, ಗ್ರೈಂಡರ್ ತರಿಸುವವರು ಸಾಗಣೆ ದರ ಮಾತ್ರ ನೋಡಿದರೆ ಸಾಲದು. ಕಸ್ಟಮ್ಸ್‌ಗೆ ಭದ್ರತಾ ಮಾಹಿತಿ ಕೊಡುವ ಹೊಣೆ ಯಾರದು ಅನ್ನುವುದೂ ಮುಖ್ಯ.

ಹಡಗಿನಲ್ಲಿ ತಂದರೆ ಹೊಣೆ ನಿಮ್ಮದೇ. ಇದು 2009ರಿಂದ ಇರುವ ಐಎಸ್‌ಎಫ್ (ಇಂಪೋರ್ಟರ್ ಸೆಕ್ಯುರಿಟಿ ಫೈಲಿಂಗ್, ಅಂದರೆ ಆಮದುದಾರರು ಮೊದಲೇ ಕೊಡುವ ಭದ್ರತಾ ಮಾಹಿತಿ) ನಿಯಮ. '10+2' ಅಂತಲೂ ಕರೆಯುತ್ತಾರೆ: ಹತ್ತು ವಿವರ ಆಮದುದಾರರದು, ಎರಡು ಹಡಗು ಕಂಪನಿಯದು. ಮಾರುವವರು, ತಯಾರಕರು, ಮೂಲ ದೇಶ, ಆರಂಕಿಯ ಸುಂಕದ ಕೋಡ್ (ಡ್ರಿಲ್‌ಗೆ 8467.21) ಮುಂತಾದ ಎಂಟು ವಿವರ ಸರಕು ಹಡಗೇರುವ 24 ಗಂಟೆ ಮೊದಲೇ ಹೋಗಬೇಕು. ಕಂಟೇನರ್ ಎಲ್ಲಿ ತುಂಬಿದರು, ಯಾರು ತುಂಬಿಸಿದರು ಅನ್ನುವ ಉಳಿದೆರಡಕ್ಕೆ ಹಡಗು ಅಮೆರಿಕದ ಬಂದರು ಸೇರುವ 24 ಗಂಟೆ ಮುಂಚಿನವರೆಗೂ ಸಮಯವಿದೆ. ತಪ್ಪಿದರೆ ಒಂದೊಂದು ಉಲ್ಲಂಘನೆಗೆ 5,000 ಡಾಲರ್ ದಂಡ ಬೀಳಬಹುದು. ಮೇಲೆ ಬಾಂಡ್ (ಸುಂಕ, ದಂಡ ಕಟ್ಟುತ್ತೇವೆ ಅಂತ ಕಸ್ಟಮ್ಸ್‌ಗೆ ಕೊಡುವ ಖಾತರಿ) ಬೇರೆ. ನಾಲ್ಕೇ ಪೆಟ್ಟಿಗೆ, ಹಂಚಿಕೊಂಡ ಕಂಟೇನರ್ ಅಂದರೂ ಬಿಡುವುದಿಲ್ಲ. ಫಾರ್ಮ್ ಕಷ್ಟವಲ್ಲ, ಫ್ಯಾಕ್ಟರಿಯವರಿಂದ ಸಮಯಕ್ಕೆ ವಿವರ ತೆಗೆಸುವುದೇ ಕಷ್ಟ. ಹಣ ಕಳಿಸುವ ಮೊದಲೇ ಕೇಳಿಬಿಡಿ.

ವಿಮಾನಕ್ಕೆ ಐಎಸ್‌ಎಫ್ ಇಲ್ಲ. 2018ರಲ್ಲಿ ಕಡ್ಡಾಯವಾದ ಎಸಿಎಎಸ್ (ವಿಮಾನ ಸರಕಿನ ಮುಂಗಡ ಭದ್ರತಾ ತಪಾಸಣೆ) ಮಾಹಿತಿಯನ್ನು ಸಾಮಾನ್ಯವಾಗಿ ವಿಮಾನ ಕಂಪನಿಯೇ ಕಳಿಸುತ್ತದೆ. ಆದರೆ ಸುಮ್ನೆ 'ಟೂಲ್ಸ್' ಅಂತ ಬರೆಯಬೇಡಿ, ಸರಕು ಏನೆಂದು ಬಿಡಿಸಿ ಹೇಳಿ. ಲಿಥಿಯಂ ಬ್ಯಾಟರಿ ಇದ್ದರೆ ನಿಯಮ ಜಾಸ್ತಿ.

ಸುಂಕ, ಕಸ್ಟಮ್ಸ್ ಎಂಟ್ರಿ (ಆಮದು ದಾಖಲೆ ಸಲ್ಲಿಕೆ) ಇವುಗಳಿಂದ ಎರಡರಲ್ಲೂ ಪಾರಿಲ್ಲ. ಬ್ಯಾಟರಿಯಿಲ್ಲದ, ವೈರ್ ಇರುವ ಕೆಲವೇ ಸ್ಯಾಂಪಲ್‌ಗಳಿಗೆ ವಿಮಾನವೇ ಸರಿ. ಪ್ಯಾಲೆಟ್‌ಗಟ್ಟಲೆ ತರಿಸುವುದಾದರೆ ಹಡಗು. ಆಗ ಕಸ್ಟಮ್ಸ್ ಬ್ರೋಕರ್ ಹಿಡಿಯಿರಿ, ಮತ್ತೆ ಮತ್ತೆ ತರಿಸುವವರಿಗೆ ವರ್ಷದ ಬಾಂಡ್ ಅನುಕೂಲ.