ಲಿವರ್ ಗ್ರೀಸ್ ಗನ್: ಹಳೇ ಜೀಪಿಗೆ ಧಾರಾಳ ಸಾಕು, ತುದಿಯ ಕಪ್ಲರ್ ಮಾತ್ರ ಬೇರೆ ತಗೊಳ್ಳಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾವಿರ ರೂಪಾಯಿ ಒಳಗೇ ಸಿಕ್ಕಿದ, ಅರ್ಧ ಕೇಜಿ ಗ್ರೀಸ್ ಹಿಡಿಯುವ ಕೈ ಗನ್ ಇದು. ಹೆಸರು ಹೇಳುವಂಥ ಕಂಪನಿಯದ್ದಲ್ಲ. ಬಳಸ್ತಿರೋದು 1994ರ ಮಹೀಂದ್ರಾ ಎಂಎಂ 540 ಜೀಪಿಗೆ. ಮೂಡಿಗೆರೆ ಕಡೆ ತೋಟದ ಜೀಪು ಅಂದ್ರೆ ಗೊತ್ತಲ್ಲ: ಗೊಬ್ಬರ, ಕಾಫಿ ಚೀಲ, ಮಳೆಗಾಲ ಪೂರ್ತಿ ಕೆಸರು, ದಾರಿಗೊಂದು ಹಳ್ಳ.

ಮೊದಲೆಲ್ಲ ಪೇಟೆಯ ವಾಟರ್ ಸರ್ವೀಸಿನಲ್ಲೇ ಗಾಳಿ ಗನ್ನಿನಿಂದ ಗ್ರೀಸ್ ಹೊಡೆಸ್ತಿದ್ದೆ. ಅಲ್ಲಿನ ಹುಡುಗರಿಗೆ ನಿಪ್ಪಲ್ (ಗ್ರೀಸ್ ಒಳಗೆ ಹೋಗುವ ಪುಟ್ಟ ಬಾಯಿ) ಒರೆಸುವ ವ್ಯವಧಾನ ಇರಲ್ಲ. ಟ್ರಿಗರ್ ಒತ್ತಿದ್ರೆ ನಿಪ್ಪಲ್ ತಲೆ ಮೇಲಿನ ಮಣ್ಣೂ ಗ್ರೀಸಿನ ಜೊತೆ ಸೀದಾ ಒಳಗೆ. ಟೈರಾಡ್ ಎಂಡಿನ (ಸ್ಟೇರಿಂಗ್ ಸರಳಿನ ತುದಿಯ ಕೀಲಿನ) ರಬ್ಬರ್ ಬೂಟು ಉಬ್ಬಿ ಹರಿಯೋದೂ ಆ ಪ್ರೆಷರಿಗೇ. ಕೈ ಗನ್ನಿನಲ್ಲಿ ಒಳಗೆ ಜಾಗ ತುಂಬ್ತಾ ಬಂದ ಹಾಗೆ ಲಿವರ್ ಬಿಗಿಯಾಗೋದು ಅಂಗೈಗೇ ತಿಳಿಯುತ್ತೆ. ಬೂಟು ಸ್ವಲ್ಪ ದಪ್ಪಗಾದ ಕೂಡ್ಲೆ ಕೈ ತೆಗೆದರಾಯ್ತು. ನಾನು ಇದನ್ನ ಮೆಚ್ಚಿರೋದು ಈ ಒಂದು ಕಾರಣಕ್ಕೆ.

ಇದರ ಬೆಲೆ ತಿಳಿಯೋದು ಚಕ್ರದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ, ಅಂದ್ರೆ ಅದರ ಕೂಡು ಕೀಲಿಗೆ, ಹೊಡೆಯುವಾಗ. ಒಂದು ಕ್ರಾಸಿಗೆ ನಾಲ್ಕು ಕಪ್, ಅಂದ್ರೆ ತುದಿಯ ಬೇರಿಂಗ್ ಟೋಪಿ. ನಾಲ್ಕರ ಸೀಲಿನಿಂದಲೂ ಹಳೇ ಗ್ರೀಸ್ ಹೊರಗೆ ಇಣುಕಬೇಕು. ಸಾಧಾರಣವಾಗಿ ಮೂರು ಬರುತ್ತೆ, ಒಂದು ಹಟ ಹಿಡಿಯುತ್ತೆ. ಆಗ ಶಾಫ್ಟನ್ನ ಆ ಕಪ್ಪಿನಿಂದ ಆಚೆಗೆ ದಬ್ಬಿ ಹಿಡಿದು, ನಿಧಾನಕ್ಕೆ ಒತ್ತಬೇಕು. ಮೊದಲು ಕರಿ ಗ್ರೀಸ್, ಹಳ್ಳ ದಾಟಿದ ಗಾಡಿಯಾದ್ರೆ ನೀರು ಬೆರೆತು ಹಾಲು ಬಣ್ಣಕ್ಕೆ ತಿರುಗಿದ್ದು, ಆಮೇಲೆ ಹೊಸದು. ತುಕ್ಕು ಬಣ್ಣದ ಪುಡಿ ಬಂತೋ, ಒಳಗಿನ ಸೂಜಿ ಬೇರಿಂಗ್ ಹೋಗಿದೆ ಅಂತಲೇ ಲೆಕ್ಕ. ಅದಕ್ಕೆ ಗ್ರೀಸ್ ಖರ್ಚು ಮಾಡಬೇಡಿ, ಕ್ರಾಸ್ ಬದಲಿಸಿ. ರಿವರ್ಸಿಂದ ಫಸ್ಟ್ ಗೇರಿಗೆ ಹಾಕಿದಾಗ ಕೆಳಗೆ ‘ಟಕ್’ ಅನ್ನುವ ಜೀಪುಗಳಲ್ಲಿ ಇದನ್ನ ಮೊದಲು ನೋಡಿ.

ಶಾಫ್ಟ್ ಉದ್ದ-ಗಿಡ್ಡ ಆಗೋಕಿರುವ ಸ್ಲಿಪ್ ಜಾಯಿಂಟಿಗೆ ಮಾತ್ರ ಕಮ್ಮಿ ಹೊಡೀರಿ. ಒಳಗೆ ಗಟ್ಟಿಯಾಗಿ ತುಂಬಿಬಿಟ್ರೆ ಶಾಫ್ಟ್ ಒಳಸರಿಯೋಕೆ ಜಾಗ ಇರಲ್ಲ, ತುದಿಯ ಪ್ಲಗ್ ಕಿತ್ತು ಬರುತ್ತೆ. ಪಟ್ಟಿ ಸ್ಪ್ರಿಂಗಿನ ತುದಿ ಹಿಡಿಯುವ ಶಾಕಲ್‌ನಲ್ಲಿ ನಿಪ್ಪಲ್ ಇದ್ರೆ ಹೊಡೀರಿ, ರಬ್ಬರ್ ಬುಷ್ ಇದ್ರೆ ಗ್ರೀಸ್ ಹತ್ತಿರಕ್ಕೂ ತರಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತೆ. ವೀಲ್ ಬೇರಿಂಗಿಗಂತೂ ಗನ್ ಕೆಲಸಕ್ಕೆ ಬರಲ್ಲ. ಹಬ್ ಬಿಚ್ಚಿ, ತೊಳೆದು, ಅಂಗೈಯಲ್ಲೇ ಒತ್ತಿ ತುಂಬಬೇಕು.

ಈಗ ಗನ್ನಿನ ದೋಷ. ಜೊತೆಗೆ ಕೊಡುವ ಕಪ್ಲರ್ ಶುದ್ಧ ದಂಡ. ನಿಪ್ಪಲ್ ಮೇಲೆ ಸರಿಯಾಗಿ ಕೂರಲ್ಲ. ಒಳಗೆ ಹೋಗುವಷ್ಟೇ ಗ್ರೀಸ್ ಮೊಣಕೈಗೂ ಇಳಿಯುತ್ತೆ. ಲಾಕ್ ಆಗುವ ಕಪ್ಲರ್ ಬೇರೆ ಸಿಗುತ್ತೆ, ಗನ್ನಿನಷ್ಟೇ ದುಡ್ಡಾದ್ರೂ ತಗೊಳ್ಳಿ. ಗಟ್ಟಿ ಪೈಪಿನ ಬದಲು ರಬ್ಬರ್ ಹೋಸ್ ಹಾಕಿದ್ರೆ ಕ್ರಾಸಿನ ಸಂದಿಗೆ ಸಲೀಸು. ಎರಡನೇ ಕಾಟ ಗಾಳಿ. ಹೊಸದಾಗಿ ಗ್ರೀಸ್ ತುಂಬಿದಾಗ ಲಿವರ್ ಸುಮ್ಮನೆ ಆಡುತ್ತೆ, ಏನೂ ಬರಲ್ಲ. ತಲೆಯನ್ನ ಒಂದು ಸುತ್ತು ಸಡಿಲಿಸಿ, ಹಿಂದಿನ ರಾಡ್ ದಬ್ಬಿದ್ರೆ ‘ಪುಸ್’ ಅಂತ ಗಾಳಿ ಬಿಡುತ್ತೆ. ಕೆಲಸ ಮುಗಿದ ಮೇಲೆ ರಾಡ್ ಹಿಂದಕ್ಕೆಳೆದು ಸಿಕ್ಕಿಸಿಡದಿದ್ರೆ ಸ್ಪ್ರಿಂಗಿನ ಒತ್ತಡಕ್ಕೆ ಎಣ್ಣೆ ಬೇರೆಯಾಗಿ ಶೆಡ್ಡಿನ ನೆಲವೆಲ್ಲ ಜಿಡ್ಡು.

ಗ್ರೀಸ್ ವಿಷಯ: ಎಲ್ಲೆಡೆ ಸಿಗುವ ಎಪಿ-3 ಗಟ್ಟಿ ಮಾಲು. ಚಳಿಗಾಲದ ಬೆಳಗ್ಗೆ ಈ ಗನ್ನಿನಲ್ಲಿ ಎಳೆಯೋದೇ ಇಲ್ಲ. ಕ್ರಾಸಿಗೂ ಟೈರಾಡಿಗೂ ಲಿಥಿಯಂ ಇಪಿ (ಹೆಚ್ಚು ಒತ್ತಡ ತಡೆಯುವಂಥದ್ದು), ನಂಬರ್ 2 (3ಕ್ಕಿಂತ ಮೆತ್ತಗಿನದು) ಕೇಳಿ. ಹಳೇ ಡಬ್ಬದಲ್ಲಿ ಬೇರೆ ಜಾತಿ ಗ್ರೀಸ್ ಉಳಿದಿದ್ರೆ ಇದರ ಜೊತೆ ಬೆರೆಸಬೇಡಿ, ಕೆಲವು ಸೇರಿದ್ರೆ ನೀರಾಗಿಬಿಡುತ್ತವೆ. ಗನ್ ಕೊಳ್ಳುವಾಗ ಜೇಬಲ್ಲಿ ಒಂದು ನಿಪ್ಪಲ್ ಇಟ್ಕೊಂಡು ಹೋಗಿ, ಅಂಗಡಿಯವನ ಎದುರೇ ಕಪ್ಲರಿಗೆ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಕಳಚಿ ಬಂದ್ರೆ ಇನ್ನೊಂದು ತೋರಿಸಿ ಅನ್ನಿ.