ದಿ ಸ್ಕೈ ಕ್ರಾಲರ್ಸ್: ಇನ್ನೊಸೆಂಟ್ ಏಸಸ್, ಹಳೆ ವೀ ಇದ್ದರೆ ಆಡಲೇಬೇಕು

ಹಾಸನದಲ್ಲಿ ನಿಂಟೆಂಡೊ ಕಂಪನಿಯ ಹಳೆ ಗೇಮ್ ಕನ್ಸೋಲ್ ವೀ ಇನ್ನೂ ಇಟ್ಟುಕೊಂಡಿರುವವರು ಯಾರಾದ್ರೂ ಇದ್ದೀರಾ? ಹಾಗಿದ್ರೆ ಈ ಗೇಮ್ ಬಿಡಬೇಡಿ. ಮಮೊರು ಒಶಿಯಿ ನಿರ್ದೇಶನದ ಅನಿಮೇಷನ್ ಸಿನಿಮಾ ಆಧರಿಸಿ 2008ರಲ್ಲಿ ಜಪಾನಿನಲ್ಲಿ ಬಂದದ್ದು. ಕಥೆ ಸಿನಿಮಾಕ್ಕಿಂತ ಹಿಂದಿನದು, ಹಾಗಾಗಿ ಸಿನಿಮಾ ನೋಡದಿದ್ದರೂ ತೊಂದರೆ ಇಲ್ಲ.

ಇಲ್ಲಿ ಹಾರೋದು ಪ್ರೊಪೆಲರ್ ವಿಮಾನಗಳು. ಒಂದು ಕೈಯಲ್ಲಿ ನನ್‌ಚಕ್ (ವೀ ರಿಮೋಟ್‌ಗೆ ತಂತಿಯಲ್ಲಿ ಜೋಡಿಸುವ ಎರಡನೇ ಹಿಡಿ) ವಾಲಿಸಿದರೆ ವಿಮಾನ ವಾಲುತ್ತೆ, ಇನ್ನೊಂದು ಕೈಯ ರಿಮೋಟ್ ಎತ್ತಿ ಇಳಿಸಿದರೆ ವೇಗ ಬದಲಾಗುತ್ತೆ. ಶುರುವಲ್ಲಿ ಕಷ್ಟ. ಕೈ ಪಳಗಿದ ಮೇಲೆ ಬೇರೆ ಥರ ಆಡೋಕೇ ಮನಸ್ಸು ಬರಲ್ಲ.

ನನಗೆ ತುಂಬಾ ಹಿಡಿಸಿದ್ದು ಒಂದು ವರಸೆ. ಶತ್ರು ವಿಮಾನದ ಹತ್ತಿರವೇ ಸ್ವಲ್ಪ ಹೊತ್ತು ಅಂಟಿಕೊಂಡು ಹಾರಿದರೆ ಪರದೆಯ ಮೇಲಿನ ಮಾಪಕ ತುಂಬುತ್ತಾ ಹೋಗುತ್ತೆ, ಆಗ ಗುಂಡಿ ಒತ್ತಿದರೆ ನಮ್ಮ ವಿಮಾನ ತಾನೇ ಪಲ್ಟಿ ಹೊಡೆದು ಸೀದಾ ಅವನ ಬೆನ್ನಿಗೆ ಬಂದು ಬೀಳುತ್ತೆ. ಎಂಥಾ ಖುಷಿ! ಆದ್ರೆ ಇದೇ ವರಸೆಯಿಂದ ಆಟ ಸ್ವಲ್ಪ ಸುಲಭವೂ ಆಗಿಬಿಡುತ್ತೆ, ಅದೊಂದು ಕೊರತೆ.

ಗೇಮ್‌ನಲ್ಲಿ ಕೆಳಗೆ ಕಾಣುವ ನೆಲದ ಚಿತ್ರಣ ಸಪ್ಪೆ. ಸಕಲೇಶಪುರ ಘಾಟಿಯ ಮಂಜು ನೋಡಿ ಬೆಳೆದ ನನಗೆ ಮೋಡದ ಮೇಲಿನ ಹೋರಾಟಗಳೇ ಜಾಸ್ತಿ ಇಷ್ಟ.

ಹಳೆ ಡಿಸ್ಕ್ ಕೊಳ್ಳುವಾಗ ಯಾವ ದೇಶದ್ದು ನೋಡಿಕೊಳ್ಳಿ, ಜಪಾನಿನ ಡಿಸ್ಕ್ ಅಮೆರಿಕದ ವೀನಲ್ಲಿ ಓಡಲ್ಲ.