ಮೂರು ಮಳೆಗಾಲ ಕಂಡ ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್: ಇಂಜಿನ್ ಆಮೇಲೆ, ಮೊದಲು ಚಾಸಿ ನೋಡಿ

ಬ್ರಹ್ಮಾವರದ ಹತ್ತಿರ ನಮ್ಮದು ಸಣ್ಣ ತೋಟ. ತೆಂಗಿನಕಾಯಿ, ಅಡಿಕೆ, ಹಸುಗಳ ಹುಲ್ಲು, ಹಿಂಡಿ ಸಾಗಿಸೋದಕ್ಕೆ ಪಿಕಪ್ ಬೇಕೇ ಬೇಕು. 2022ರ ಡಿಸೆಂಬರ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಿಂದ 2015ರ ಮಾಡೆಲ್ ಮಹೀಂದ್ರಾ ಬೊಲೆರೊ ಪಿಕಪ್ ತಂದೆ. ₹4.10 ಲಕ್ಷ ಕೊಟ್ಟೆ. ಆಗ 1,18,000 ಕಿ.ಮೀ. ಓಡಿತ್ತು, ಈಗ 1,60,000 ದಾಟಿದೆ.

ಇಷ್ಟು ದೂರ ಹೋಗಿ ಯಾಕೆ ತಂದೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಹಿಂದಿನ ಗಾಡಿಯ ಕಥೆ ಹೇಳಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದಕ್ಕೆಯಲ್ಲಿ (ದೋಣಿಗಳು ಮೀನು ಇಳಿಸುವ ಜಾಗ) ಮೀನು ಹೊರುವ ಗಾಡಿಗಳಿಗೂ ಆಗ ಕೆಲಸ ಇರುವುದಿಲ್ಲ, ಒಂದಷ್ಟು ಮಾರಾಟಕ್ಕೆ ಬರುತ್ತವೆ. ಅಂಥದ್ದೇ ಒಂದು ಗಾಡಿಯನ್ನು ಒಬ್ಬ ಬ್ರೋಕರ್ ಮೂಲಕ ತಗೊಂಡಿದ್ದೆ. ಅಡಿಯಲ್ಲಿ ಬಗ್ಗಿ ನೋಡಿದರೆ ಚಾಸಿ, ಅಂದರೆ ಗಾಡಿಯ ಭಾರವನ್ನೆಲ್ಲ ಹೊರುವ ಕಬ್ಬಿಣದ ಚೌಕಟ್ಟು, ಕಪ್ಪಗೆ ಮಿಂಚುತ್ತಿತ್ತು. ಚೆನ್ನಾಗಿ ನೋಡಿಕೊಂಡಿದ್ದಾರೆ ಅಂದುಕೊಂಡೆ. ಎಂಟು ತಿಂಗಳಿಗೆ, ತೆಂಗಿನಕಾಯಿ ತುಂಬಿಕೊಂಡು ಕೋಟ ದಾಟುವಾಗ, ಹಿಂದಿನ ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್) ಹಿಡಿದಿದ್ದ ಹ್ಯಾಂಗರ್ ಚಾಸಿಯ ತುಂಡಿನ ಸಮೇತ ಕಿತ್ತು ಬಂತು. ವೆಲ್ಡಿಂಗ್ ಮಾಡುವವರು ಸುತ್ತಿಗೆಯಲ್ಲಿ ಒಂದು ಏಟು ಹಾಕಿದರು, ಹಪ್ಪಳದ ಹಾಗೆ ಪದರ ಪದರ ಉದುರಿತು. "ವೆಲ್ಡಿಂಗ್ ಹಿಡಿಯೋದಕ್ಕೆ ಇಲ್ಲಿ ಕಬ್ಬಿಣ ಎಲ್ಲುಂಟು ಮಾರಾಯ್ರೇ" ಅಂದರು. ಆ ಕಪ್ಪು ಪೇಂಟ್ ಹೊಡೆದದ್ದು ಮಾರುವುದಕ್ಕೆ ಮಾತ್ರ. ಗಾಡಿ ಗುಜರಿಗೆ ಹೋಯಿತು. ಹಿಂದೆ ಲಾರಿಯೇನಾದರೂ ಹತ್ತಿರ ಬರುತ್ತಿದ್ದರೆ ಅವತ್ತು ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ನಡುಗುತ್ತದೆ.

ಇಂಜಿನ್ ಹೋದರೆ ಬಿಚ್ಚಿ ಮಾಡಿಸಬಹುದು, ಗೇರ್ ಬಾಕ್ಸ್ ಬದಲಾಯಿಸಬಹುದು. ಚಾಸಿ ತಿಂದುಹೋದರೆ ಮಾಡೋದಕ್ಕೆ ಏನೂ ಇಲ್ಲ. ಹಾಗಾಗಿ ಎರಡನೇ ಸಲ ಊರು ನೋಡಿ ಗಾಡಿ ಹುಡುಕಿದೆ. ನಮ್ಮ ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ.ಗಿಂತ ಜಾಸ್ತಿ ಮಳೆ, ಜೊತೆಗೆ ಉಪ್ಪು ಗಾಳಿ. ಚಳ್ಳಕೆರೆ ಕಡೆ ಮಳೆ 500 ಮಿ.ಮೀ. ಆಸುಪಾಸು. ಆ ಕಡೆಯ ಕೆಎ 16 ನಂಬರಿನ ಗಾಡಿಯೇ ಬೇಕು ಅಂತ ನಾನೂ ಭಾವನೂ ಬಸ್ಸಲ್ಲಿ ಹೋಗಿ ಎರಡು ದಿನದಲ್ಲಿ ಐದು ಗಾಡಿ ನೋಡಿದೆವು.

ಒಣ ಸೀಮೆಯ ಗಾಡಿ ಅಂತ ಕಣ್ಣು ಮುಚ್ಚಿ ತಗೊಳ್ಳಬೇಡಿ. ನಾವು ನೋಡಿದ ಒಂದು ಗಾಡಿ ವರ್ಷಗಟ್ಟಲೆ ಗೊಬ್ಬರ ಹೊತ್ತಿತ್ತು. ಪೊಟ್ಯಾಷ್ ಗೊಬ್ಬರ ಅಂದರೆ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ ಅಲ್ವಾ. ಹರಿದ ಚೀಲದಿಂದ ಉದುರಿ, ತೇವ ಹೀರಿಕೊಂಡು, ಸಂದಿಯಲ್ಲಿ ಕೂತು, ಬಾಡಿಯ ಮೂಲೆಗಳನ್ನು ದಕ್ಕೆ ಗಾಡಿಯ ಹಾಗೇ ತಿಂದಿತ್ತು. ಇನ್ನೊಂದಕ್ಕೆ ಲೋಡ್ ಜಾಸ್ತಿ ಹಾಕಿ ಹಾಕಿ ಪ್ಲೇಟ್ ಸೆಟ್ ಚಪ್ಪಟೆಯಾಗಿ, ಕ್ಯಾಬಿನ್ ಹಿಂದೆ ಚಾಸಿಗೆ ಕೂದಲೆಳೆಯಷ್ಟು ಬಿರುಕು ಬಂದಿತ್ತು. ಅದನ್ನು ಕಂಡದ್ದು ಭಾವ, ಟಾರ್ಚ್ ಹಿಡಿದು ಮಲಗಿ ನೋಡಿದ್ದಕ್ಕೆ.

ನಾವು ನೋಡಿದ ರೀತಿ ಹೀಗೆ. ಬೆಳಗಿನ ಹೊತ್ತು, ಟಾರ್ಚ್, ಒಂದು ಸಣ್ಣ ಸುತ್ತಿಗೆ, ಸ್ಕ್ರೂ ಡ್ರೈವರ್, ಒಂದು ಮ್ಯಾಗ್ನೆಟ್. ಚಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಠಣ್ ಅನ್ನುತ್ತದೆ, ಒಳಗೆ ತಿಂದುಹೋದದ್ದು ಡಬ್ ಅನ್ನುತ್ತದೆ. ಹ್ಯಾಂಗರ್, ಪ್ಲೇಟ್ ಸೆಟ್ಟಿನ ತುದಿ ಹಿಡಿಯುವ ಶ್ಯಾಕಲ್, ಚಾಸಿಯ ಅಡ್ಡ ಮೆಂಬರ್ ಸೇರುವ ಜಾಗ, ಡೀಸೆಲ್ ಟ್ಯಾಂಕ್ ಕಟ್ಟಿದ ಪಟ್ಟಿಯ ಮೇಲ್ಭಾಗ, ಬ್ರೇಕ್ ಪೈಪ್ ಕ್ಲಿಪ್ಪಿನೊಳಗೆ ಹಾದುಹೋಗುವ ಜಾಗ, ಇಲ್ಲೆಲ್ಲ ಕೆಸರು ಕೂತು ನೀರು ಹಿಡಿದಿಡುತ್ತದೆ. ಬ್ರೇಕ್ ಪೈಪ್ ತುಕ್ಕು ಹಿಡಿದಿದ್ದರೆ ಅದಕ್ಕೇ ಮೊದಲ ಖರ್ಚು ಮಾಡಿ, ಮುಂದೂಡಬೇಡಿ. ಆಮೇಲೆ ಕ್ಯಾಬಿನ್ನಿನ ಮ್ಯಾಟ್ ಪೂರ್ತಿ ಎತ್ತಿಸಿ. ಬಾಗಿಲ ಕೆಳ ಅಂಚಿಗೆ ಮ್ಯಾಗ್ನೆಟ್ ಹಿಡಿಯಿರಿ, ಅಂಟದಿದ್ದರೆ ಒಳಗೆ ಇರೋದು ಕಬ್ಬಿಣವಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ. ಇದಕ್ಕೆಲ್ಲ ಅರ್ಧ ಗಂಟೆ ಸಾಕು. ಮಾರುವವರು ಬಿಡಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ.

ನಾನು ತಗೊಂಡ ಗಾಡಿಯ ಚಾಸಿಗೆ ಹೊಸ ಪೇಂಟ್ ಇರಲಿಲ್ಲ. ಮೇಲೆಲ್ಲ ಧೂಳು, ಅಲ್ಲಲ್ಲಿ ಕೆಂಪಗೆ ತೆಳು ತುಕ್ಕು, ವೈರ್ ಬ್ರಷ್‌ನಲ್ಲಿ ಉಜ್ಜಿದರೆ ಹೋಗುವಂಥದ್ದು. ಅದನ್ನು ನೋಡಿಯೇ ಧೈರ್ಯ ಬಂತು. "ಈರುಳ್ಳಿ, ಶೇಂಗಾ ಬಿಟ್ಟರೆ ಬೇರೆ ಏನೂ ಹೇರಿಲ್ಲ ಅಣ್ಣ" ಅಂದರು ಯಜಮಾನರು, ಬಾಡಿ ನೋಡಿದರೆ ಅದು ನಿಜವೇ ಅನ್ನಿಸಿತು. ಕಾಗದಪತ್ರ ಸಲೀಸಾಗಿ ಮುಗಿಯಿತು: ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29, 30. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಆ ಖರ್ಚನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಗಾಡಿ ಹೇಗಿದೆ? 2523 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್. ತೋಟದ ಏರಿನಲ್ಲಿ ಲೋಡ್ ಇದ್ದರೂ ಕಡಿಮೆ ಗೇರಿನಲ್ಲಿ ಗೊಣಗದೆ ಹತ್ತುತ್ತದೆ. ನನಗೆ ಲೀಟರಿಗೆ 12 ಕಿ.ಮೀ. ಸಿಗುತ್ತಿದೆ. ನಾನು ಮೆಚ್ಚುವುದು ಇದರ ಸರಳತನವನ್ನು. ನಮ್ಮ ಸುತ್ತಮುತ್ತ ಇದನ್ನು ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ಇಲ್ಲ, ಬಿಡಿಭಾಗ ಅದೇ ದಿನ ಸಿಗುತ್ತದೆ. ಖಾಲಿ ಇದ್ದಾಗ ಹಿಂಭಾಗ ಕುಣಿಯುತ್ತದೆ, ಲೀಫ್ ಸ್ಪ್ರಿಂಗ್ ಇರುವ ಎಲ್ಲ ಪಿಕಪ್‌ಗಳ ಹಾಗೆ. ನನ್ನ ಖರ್ಚು ಇಲ್ಲಿಯವರೆಗೆ ಕ್ಲಚ್, ಎರಡು ಟೈರ್, ಶ್ಯಾಕಲ್ ಬುಷ್, ಬ್ಯಾಟರಿ.

ಇನ್ನು ತುಕ್ಕು. ತಂದ ವಾರವೇ ಪಿಕಪ್ಪಿನ ಅಡಿಭಾಗವನ್ನು ಪೂರ್ತಿ ವಾಟರ್ ಸರ್ವಿಸ್ ಮಾಡಿಸಿ, ಎರಡು ದಿನ ಬಿಸಿಲಿಗೆ ನಿಲ್ಲಿಸಿ, ತುಕ್ಕು ಕಂಡಲ್ಲೆಲ್ಲ ವೈರ್ ಬ್ರಷ್ ಹಾಕಿ, ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅದರ ಮೇಲೆ ಚಾಸಿ ಬ್ಲ್ಯಾಕ್ ಹೊಡೆಸಿದೆ. ಒಣಗುವುದಕ್ಕೆ ಬಿಡುವುದೇ ಇಲ್ಲಿ ದೊಡ್ಡ ಕೆಲಸ. ತೇವ ಅಥವಾ ತುಕ್ಕಿನ ಮೇಲೆ ದಪ್ಪ ರಬ್ಬರ್ ಕೋಟಿಂಗ್ ಹೊಡೆದರೆ ನೀರು ಒಳಗೇ ಸಿಕ್ಕಿಕೊಂಡು ತುಕ್ಕು ಮರೆಯಲ್ಲಿ ಬೆಳೆಯುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹಳೆ ಇಂಜಿನ್ ಆಯಿಲ್ ಸ್ಪ್ರೇ ಮಾಡಿಸಿ ಅಂತ ತುಂಬ ಜನ ಹೇಳಿದರು. ನಾನು ಒಪ್ಪಲಿಲ್ಲ. ಆಯಿಲ್ ತಾಗಿದ ರಬ್ಬರ್ ಬುಷ್ ಮೆತ್ತಗಾಗುತ್ತದೆ. ಅಲ್ಲದೆ ಗಾಡಿ ನಿಲ್ಲುವುದು ನಮ್ಮ ಬಾವಿಯ ಪಕ್ಕದಲ್ಲಿ, ಮಳೆಗೆ ಅದು ಹರಿದು ಎಲ್ಲಿಗೆ ಹೋಗುತ್ತದೆ ಹೇಳಿ.

ಬಾಡಿಯ ಮೇಲೆ ಚೆಕರ್ ಶೀಟ್ (ಉಬ್ಬು ಗೆರೆಗಳ ಲೋಹದ ತಗಡು) ಕೂಡ ಹಾಕಿಸಲಿಲ್ಲ. ಹಿಂದಿನ ಗಾಡಿಯಲ್ಲಿ ಆ ಶೀಟ್ ಕಿತ್ತಾಗ ಅಡಿಯಲ್ಲಿ ಮರಳು, ಮೀನಿನ ಪೊರೆ, ಒದ್ದೆ ತುಕ್ಕಿನ ಪುಡಿ ಸಿಕ್ಕಿತ್ತು. ಈಗ ರಬ್ಬರ್ ಮ್ಯಾಟ್ ಮಾತ್ರ, ಶನಿವಾರ ಎತ್ತಿ ತೊಳೆದು ಒಣಗಿಸುತ್ತೇವೆ. ಬಾಗಿಲ ಅಡಿಯ ನೀರು ಹೋಗುವ ತೂತುಗಳಿಗೆ ತಂತಿ ಹಾಕಿ ಕೆಸರು ತೆಗೆಯುವುದು ಮಗಳ ಕೆಲಸ. ಕಡಲ ತೀರದ ಮಲ್ಪೆ ಕಡೆ ಹೋಗಿ ಬಂದ ದಿನ, ಎಷ್ಟೇ ರಾತ್ರಿಯಾಗಿರಲಿ, ಬಾವಿ ನೀರಿನ ಪೈಪ್ ಹಿಡಿದು ಅಡಿಭಾಗ ತೊಳೆದೇ ಮಲಗುವುದು.

ಕಳೆದ ಅಕ್ಟೋಬರ್‌ನಲ್ಲಿ ಮತ್ತೆ ಸುತ್ತಿಗೆ ಹಿಡಿದು ಉದ್ದಕ್ಕೂ ತಟ್ಟಿ ನೋಡಿದೆ. ಹಿಂದಿನ ಎಡಗಡೆ ಚಕ್ರದ ಒಳಗೆ, ಕಲ್ಲು ಬಡಿದು ಪೇಂಟ್ ಎದ್ದ ಜಾಗದಲ್ಲಿ ಅಂಗೈಯಗಲ ತುಕ್ಕು ಕಂಡಿತು. ಉಜ್ಜಿ ಪ್ರೈಮರ್ ಹಾಕಿದ್ದೇನೆ. ಉಳಿದ ಕಡೆಯೆಲ್ಲ ಠಣ್ ಅಂತಲೇ ಅಂದಿತು.